ಮಾಸ್ಕ್ ಬಿಚ್ಚುವ ಜಾಗ ಹುಡುಕಿ: ಆಸ್ಪತ್ರೆ ಸಿಬ್ಬಂದಿಯಲ್ಲಿ ಫ್ಲೂ ಹಬ್ಬದಂತೆ ನೋಡಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಮೈಸೂರಿನವರಿಗೆ ಆಷಾಢ ಅಂದರೆ ಶುಕ್ರವಾರ ಬೆಟ್ಟದ ತುಂಬ ಜನ, ಉಳಿದ ದಿನ ಊರ ತುಂಬ ಗಾಳಿ. ಆ ಗಾಳಿ ಎದ್ದ ದಿನವೇ ವಾರ್ಡ್‌ನ ಕಿಟಕಿಗಳು ಒಂದೊಂದಾಗಿ ಮುಚ್ಚಿಕೊಳ್ಳುತ್ತವೆ. “ಥಂಡಿ ಹೊಡೀತದೆ ಸಿಸ್ಟರ್, ಮುಚ್ಬಿಡಿ” ಎಂದು ರೋಗಿಯ ಕಡೆಯವರು ಹೇಳುತ್ತಾರೆ. ನಾವೂ ಮುಚ್ಚುತ್ತೇವೆ, ನಮಗೂ ಥಂಡಿಯೇ ಅಲ್ವಾ. ನಮ್ಮ ಕಡೆ ಫ್ಲೂ ಏರುವುದೂ ಇದೇ ಮಳೆಗಾಲದ ತಿಂಗಳುಗಳಲ್ಲಿ. ಆಮೇಲೆ ಚಳಿ ಮುಗಿಯುವ ಹೊತ್ತಿಗೆ, ಜನವರಿಯಿಂದ ಮಾರ್ಚ್‌ವರೆಗೆ, ಇನ್ನೊಂದು ಸುತ್ತು ಬರುತ್ತದೆ.

ಕೆಲವು ವರ್ಷಗಳ ಹಿಂದಿನ ಒಂದು ಜುಲೈ. ನಾನಾಗ ಒಂದು ವಾರ್ಡ್‌ನ ಇನ್‌ಚಾರ್ಜ್. 11 ಜನ ಸಿಬ್ಬಂದಿಯಲ್ಲಿ 5 ಜನ ಒಂದೇ ವಾರದಲ್ಲಿ ಮಲಗಿದರು. ಮೂಲೆಯ ಹಾಸಿಗೆಯಲ್ಲಿ ಎಚ್1ಎನ್1 ರೋಗಿಯೊಬ್ಬರಿದ್ದರು. “ಅವರಿಂದಲೇ ಬಂತು” ಎಂದು ಎಲ್ಲರೂ ತೀರ್ಮಾನಿಸಿಬಿಟ್ಟೆವು. ನನಗೆ ಸಮಾಧಾನ ಆಗಲಿಲ್ಲ. ಹಳೆಯ ರಿಜಿಸ್ಟರ್‌ನ ಹಿಂದಿನ ಪುಟದಲ್ಲಿ ಯಾರಿಗೆ ಯಾವತ್ತು ಶುರುವಾಯಿತು, ಅದಕ್ಕೆ ಮೊದಲು ಯಾರ ಜೊತೆ ಡ್ಯೂಟಿ ಮಾಡಿದ್ದರು ಎಂದು ಬರೆಯುತ್ತಾ ಹೋದೆ. ಮೊದಲು ಬಿದ್ದದ್ದು ನಮ್ಮ ಆಯಾ. ಆ ವಾರ ಅವರ ಕೆಲಸ ಇನ್ನೊಂದು ಬದಿಯಲ್ಲಿತ್ತು, ಆ ರೋಗಿಯ ಹತ್ತಿರ ಹೋಗಿರಲೇ ಇಲ್ಲ. ಆಮೇಲೆ ಬಿದ್ದ ಇಬ್ಬರು ಅವರ ಜೊತೆ ಡಬ್ಬಿ ಬಿಚ್ಚಿ ಊಟ ಮಾಡಿದವರು. ಆ ರೋಗಿಯನ್ನು ನೋಡಿಕೊಂಡ ಸಿಸ್ಟರ್‌ಗೆ ಏನೂ ಆಗಿರಲಿಲ್ಲ. ಅವರು ಎನ್95 ಬಿಗಿಯಾಗಿ ಹಾಕಿಕೊಳ್ಳುತ್ತಿದ್ದರು. ಮಧ್ಯಾಹ್ನ ಮನೆಗೆ ಹೋಗಿ ಊಟ ಮಾಡುತ್ತಿದ್ದರು.

ಹುಷಾರಾಗಿ ಬಂದ ಮೇಲೆ ಆಯಾ ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ: “ಸೋಮ್ವಾರನೇ ಮೈ ಬಿಸಿ ಇತ್ತು ಸಿಸ್ಟರ್. ರಜಾ ಹಾಕುದ್ರೆ ಆ ದಿನದ ಸಂಬ್ಳ ಹೋಯ್ತದೆ. ಒಂದು ಮಾತ್ರೆ ನುಂಗ್ಕಂಡು ಬಂದೆ.”

ಈ ಮಾರ್ಗದರ್ಶಿ ಅಲ್ಲಿಂದ ಹುಟ್ಟಿದ್ದು. ಮಂಡ್ಯದ 30 ಹಾಸಿಗೆಯ ನರ್ಸಿಂಗ್ ಹೋಮ್ ಇರಲಿ, ತಾಲ್ಲೂಕು ಆಸ್ಪತ್ರೆ ಇರಲಿ, ಮೈಸೂರಿನ ದೊಡ್ಡ ಆಸ್ಪತ್ರೆಯ ಒಂದು ವಾರ್ಡ್ ಇರಲಿ, ಇನ್‌ಚಾರ್ಜ್ ಆದವರು ಇದನ್ನು ತಮ್ಮ ಕೈಯಲ್ಲೇ ಶುರು ಮಾಡಬಹುದು. ಸಾಮಾನ್ಯವಾಗಿ ಇಂಥ ಪಟ್ಟಿಗಳು “ಕೈ ತೊಳೆಯಿರಿ, ಮಾಸ್ಕ್ ಹಾಕಿ” ಎಂದು ಶುರುವಾಗುತ್ತವೆ. ನಾನು ಮಾಸ್ಕ್ ಬಿಚ್ಚುವ ಜಾಗದಿಂದ ಶುರು ಮಾಡುತ್ತೇನೆ.

ಕೆಲಸಕ್ಕೆ ಮೊದಲು: ಎಷ್ಟು ದಿನ, ಯಾವ ದಾರಿ

ಮೂರು ವೈರಸ್‌ಗಳ ಲೆಕ್ಕ ತಲೆಯಲ್ಲಿದ್ದರೆ ಸಾಕು. ಫ್ಲೂ ತಗುಲಿದ 1ರಿಂದ 4 ದಿನದೊಳಗೆ ಕಾಣಿಸಿಕೊಳ್ಳುತ್ತದೆ, ಹೆಚ್ಚಾಗಿ 2ನೇ ದಿನ. ಕೋವಿಡ್‌ನ ಈಗಿನ ತಳಿಗಳಿಗೆ ಸುಮಾರು 3 ದಿನ. ಚಿಕ್ಕ ಮಕ್ಕಳನ್ನು ಕಾಡುವ ಆರ್‌ಎಸ್‌ವಿಗೆ 4ರಿಂದ 6 ದಿನ. ಫ್ಲೂ ಬಂದವರು ಜ್ವರ ಕಾಣಿಸುವ ಹಿಂದಿನ ದಿನದಿಂದಲೇ ಹರಡಲು ಶುರು ಮಾಡುತ್ತಾರೆ, ಆಮೇಲೆ 5ರಿಂದ 7 ದಿನ ಹರಡುತ್ತಾರೆ. “ನನಗೇನೂ ಆಗಿಲ್ಲ” ಎನ್ನುವವರ ಜೊತೆಗೂ ಮಾಸ್ಕ್ ಬಿಚ್ಚಿ ಕೂರುವಾಗ ಕಿಟಕಿ ತೆರೆದಿರಬೇಕು ಎನ್ನುವುದು ಇದಕ್ಕೇ.

ಆರ್‌ಎಸ್‌ವಿ ಗಟ್ಟಿಮುಟ್ಟಾದ ದೊಡ್ಡವರಿಗೆ ಬಂದರೆ ಹೆಚ್ಚಾಗಿ ಸುಮ್ನೆ ಒಂದು ನೆಗಡಿ. ಅದೇ ನೆಗಡಿಯ ಸಿಸ್ಟರ್ ಎನ್‌ಐಸಿಯುಗೆ (ಹಸುಗೂಸುಗಳ ತೀವ್ರ ನಿಗಾ ಘಟಕ) ಹೋದರೆ ಎರಡು ಕೆ.ಜಿ. ತೂಕದ ಕೂಸಿಗೆ ಉಸಿರಾಟವೇ ಕಷ್ಟ ಆಗಬಹುದು. ನಮ್ಮ ಮೈಗೆ ಎಷ್ಟು ಸುಸ್ತಾಗಿದೆ ಎನ್ನುವುದು ಇಲ್ಲಿ ಅಳತೆಯೇ ಅಲ್ಲ.

ಇನ್ನು ದಾರಿ. ನಾವು ಓದುವಾಗ ಹೇಳಿಕೊಟ್ಟದ್ದು: 5 ಮೈಕ್ರಾನ್‌ಗಿಂತ ದೊಡ್ಡ ಹನಿ ಮೂರಡಿಯೊಳಗೆ ಬೀಳುತ್ತದೆ, ಚಿಕ್ಕದು ತೇಲುತ್ತದೆ, ಫ್ಲೂ ದೊಡ್ಡ ಹನಿಯ ಕಾಯಿಲೆ. ಈ ಗೆರೆ ಈಗ ಅಳಿಸಿದೆ. 2024ರ ಏಪ್ರಿಲ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೊಸ ಪದಗಳನ್ನು ಕೊಟ್ಟಾಗ 5 ಮೈಕ್ರಾನ್ ಎಂಬ ಗಡಿಯನ್ನು ಬಿಟ್ಟಿತು. ಕೆಮ್ಮಿದಾಗ, ಮಾತಾಡಿದಾಗ, ಸುಮ್ಮನೆ ಉಸಿರು ಬಿಟ್ಟಾಗಲೂ ಎಲ್ಲ ಗಾತ್ರದ ಕಣಗಳು ಬರುತ್ತವೆ. ಹತ್ತಿರ ಇದ್ದವರಿಗೆ ಜಾಸ್ತಿ ತಗಲುತ್ತದೆ, ಗಾಳಿಯಾಡದ ಕೋಣೆಯಾದರೆ ದೂರ ಇದ್ದವರಿಗೂ ತಲುಪುತ್ತದೆ. ಅಡುಗೆ ಮನೆಯಲ್ಲಿ ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಏನಾಗುತ್ತದೆ? ಒಲೆ ಮುಂದೆ ನಿಂತವರು ಮೊದಲು ಕೆಮ್ಮುತ್ತಾರೆ. ಕಿಟಕಿ ಮುಚ್ಚಿದ್ದರೆ ಹಜಾರದಲ್ಲಿ ಪೇಪರ್ ಓದುವವರೂ ಕೆಮ್ಮುತ್ತಾರೆ. ಘಾಟು ಹೋದ ದಾರಿಯಲ್ಲೇ ವೈರಸ್ಸೂ ಹೋಗುತ್ತದೆ, ಆದರೆ ಅದಕ್ಕೆ ವಾಸನೆ ಇಲ್ಲ.

ಹೀಗೆ ಉಸಿರಿನಿಂದ ಹರಡುವ ಕಾಯಿಲೆ ಆಸ್ಪತ್ರೆಯವರನ್ನು ಎಷ್ಟು ಕಾಡಬಲ್ಲದು ಎನ್ನುವುದಕ್ಕೆ ಹಳೆಯ ಲೆಕ್ಕವೇ ಇದೆ. ಕೋವಿಡ್‌ನ ಹತ್ತಿರದ ಸಂಬಂಧಿಯಾದ 2003ರ ಸಾರ್ಸ್‌ನಲ್ಲಿ ಜಗತ್ತಿನಾದ್ಯಂತ 8,096 ಜನರಿಗೆ ಕಾಯಿಲೆ ಬಂತು. ಅವರಲ್ಲಿ 1,706 ಜನ ಆರೋಗ್ಯ ಸಿಬ್ಬಂದಿ. ಐವರಲ್ಲಿ ಒಬ್ಬರು ನಮ್ಮವರೇ.

ಮೊದಲ ಹೆಜ್ಜೆ: ಒಂದು ಶಿಫ್ಟ್‌ನ ನಕ್ಷೆ ಬರೆಯಿರಿ

ಒಂದು ಬಿಳಿ ಹಾಳೆ ತಗೊಳ್ಳಿ. ಬೆಳಗಿನ ಶಿಫ್ಟ್ ಶುರುವಾದಾಗಿನಿಂದ ಮುಗಿಯುವವರೆಗೆ ನಿಮ್ಮವರು ಎಲ್ಲೆಲ್ಲಿ ಮಾಸ್ಕ್ ಬಿಚ್ಚುತ್ತಾರೆ, ಎಷ್ಟು ಹೊತ್ತು, ಎಷ್ಟು ಜನ ಒಟ್ಟಿಗೆ ಎಂದು ಗುರುತು ಹಾಕಿ. ಯಾರನ್ನೂ ಬೈಯುವುದಕ್ಕಲ್ಲ ಎಂದು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ನೀವು ಬಂದ ತಕ್ಷಣ ಮಾಸ್ಕ್ ಮೇಲೆ ಹೋಗುತ್ತದೆ, ನಕ್ಷೆ ಸುಳ್ಳಾಗುತ್ತದೆ.

ನಾನು ಬರೆದ ಹಾಳೆಯಲ್ಲಿ ಸಿಕ್ಕ ಜಾಗಗಳು ಇವು. ಬಟ್ಟೆ ಬದಲಿಸುವ ಕೋಣೆ. ಹ್ಯಾಂಡ್‌ಓವರ್ ಹೊತ್ತಿನಲ್ಲಿ ನರ್ಸಿಂಗ್ ಸ್ಟೇಷನ್, ಎರಡು ಶಿಫ್ಟ್‌ನವರು ಒಂದೇ ಮೇಜಿನ ಸುತ್ತ. ಹತ್ತೂವರೆ ಕಾಫಿ. ಊಟ. ನೈಟ್ ಡ್ಯೂಟಿಯವರು ಮಲಗುವ ಕೋಣೆ, ಅದರಲ್ಲಿ ಒಂದೇ ಮಂಚ, ಇಬ್ಬರು ಸರದಿಯಲ್ಲಿ. ಲಿಫ್ಟ್. ಊಟದ ಕೋಣೆ ಎಂದು ನಾವು ಕರೆಯುತ್ತಿದ್ದದ್ದು ನಿಜವಾಗಿ ಸಲೈನ್ ಬಾಟಲಿಯ ಸ್ಟೋರ್. ಹತ್ತಡಿ, ಹನ್ನೆರಡಡಿ. ಒಂದೇ ಕಿಟಕಿ, ಅದರ ಮುಂದೆ ಅಟ್ಟಿ ಅಟ್ಟಿ ರಟ್ಟಿನ ಡಬ್ಬ.

ರೋಗಿಯ ಹತ್ತಿರ ನಾವು ಹೋಗುವುದು ಒಂದು ಸಲಕ್ಕೆ ಐದೋ ಹತ್ತೋ ನಿಮಿಷ, ಅದೂ ಮಾಸ್ಕ್ ಹಾಕಿಕೊಂಡು. ಆ ಕೋಣೆಯಲ್ಲಿ ಆರು ಜನ ಅರ್ಧ ಗಂಟೆ, ಬಾಯಿ ತೆರೆದು, ನಗುತ್ತಾ. ಅದರಲ್ಲೂ ಡಿಸೆಂಬರ್‌ನಲ್ಲಿ ಯಾರಾದರೂ ಹಿತಕಿದ ಅವರೆಬೇಳೆ ಸಾರು ತಂದರೆ ಅರ್ಧ ಗಂಟೆ ಮುಕ್ಕಾಲು ಗಂಟೆ ಆಗುತ್ತದೆ. ಈ ಊಟವನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. 2020ರಲ್ಲಿ ಒಬ್ಬೊಬ್ಬರೇ ಗೋಡೆಗೆ ಮುಖ ಮಾಡಿ ಉಂಡಿದ್ದೇವೆ. ಅದು ಎಷ್ಟು ಕಷ್ಟ ಎಂದು ಗೊತ್ತು. ಊಟ ಇರಲಿ, ಕೋಣೆ ಬದಲಾಗಲಿ.

ಎರಡನೇ ಹೆಜ್ಜೆ: ಆ ಕೋಣೆಗೆ ಗಾಳಿ ತನ್ನಿ

ಇದಕ್ಕೆ ಜಾಸ್ತಿ ಸಮಯ ಕೊಡಿ. ಒಂದು ಸಲ ಮಾಡಿದರೆ ಆಮೇಲೆ ಯಾರೂ ಏನನ್ನೂ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಅದೇ ಇದರ ದೊಡ್ಡ ಗುಣ.

ಮೊದಲು ಗಾಳಿ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ನೋಡಿ. ಇದಕ್ಕೆ ನಮ್ಮೂರಿನ ಊದುಬತ್ತಿಗಿಂತ ಒಳ್ಳೆಯ ಉಪಕರಣ ಇಲ್ಲ. ಒಂದನ್ನು ಹಚ್ಚಿ ಬಾಗಿಲ ಹತ್ತಿರ, ಕಿಟಕಿಯ ಹತ್ತಿರ, ಕೋಣೆಯ ನಡುವೆ ಹಿಡಿದು ನಿಲ್ಲಿ. ಹೊಗೆ ಒಂದು ಕಡೆಗೆ ವಾಲಿ ಹೊರಗೆ ಹೋದರೆ ಸರಿ. ನೆಟ್ಟಗೆ ಮೇಲೆದ್ದು ಅಲ್ಲೇ ಸುತ್ತುತ್ತಿದ್ದರೆ ಆ ಕೋಣೆಯಲ್ಲಿ ಗಾಳಿ ನಿಂತಿದೆ. ಒಂದು ಎಚ್ಚರಿಕೆ: ಆಕ್ಸಿಜನ್ ಇರುವ ಜಾಗದಲ್ಲಿ ಇದನ್ನು ಖಂಡಿತ ಮಾಡಬೇಡಿ. ವಾರ್ಡ್‌ನಲ್ಲಿ ಬೇಡ, ಐಸಿಯುನಲ್ಲಿ ಬೇಡ, ಸಿಲಿಂಡರ್ ಇಟ್ಟಿರುವ ಸ್ಟೋರ್‌ನಲ್ಲೂ ಬೇಡ. ಅಲ್ಲಿ ತೆಳು ಟಿಶ್ಯೂ ಚೂರನ್ನು ಬಾಗಿಲ ಸಂದಿಯಲ್ಲಿ ಹಿಡಿದರೆ ಸಾಕು, ಯಾವ ಕಡೆ ಹಾರುತ್ತದೆ ಗೊತ್ತಾಗುತ್ತದೆ.

ಆಮೇಲೆ ಲೆಕ್ಕ. ಕೂತಿರುವ ಒಬ್ಬೊಬ್ಬರಿಗೂ ಸೆಕೆಂಡಿಗೆ 10 ಲೀಟರ್ ಹೊರಗಿನ ಗಾಳಿ ಸಿಗಬೇಕು ಎನ್ನುವುದು ಒಂದು ಒಳ್ಳೆಯ ಗುರಿ. ಆರು ಜನಕ್ಕೆ 60 ಲೀಟರ್, ಅಂದರೆ ಗಂಟೆಗೆ 216 ಘನ ಮೀಟರ್. ಈಗ ನಮ್ಮ ಸ್ಟೋರ್ ಕೋಣೆ: 10 ಅಡಿ, 12 ಅಡಿ, ಎತ್ತರ 10 ಅಡಿ. ಒಟ್ಟು 1,200 ಘನ ಅಡಿ, ಸುಮಾರು 34 ಘನ ಮೀಟರ್. 216 ಬೇಕಾದರೆ ಕೋಣೆಯ ಗಾಳಿ ಗಂಟೆಗೆ ಆರು ಸಲಕ್ಕಿಂತ ಸ್ವಲ್ಪ ಜಾಸ್ತಿ ಪೂರ್ತಿ ಬದಲಾಗಬೇಕು. ಎಕ್ಸಾಸ್ಟ್ ಫ್ಯಾನ್ ಡಬ್ಬದ ಮೇಲೆ ಗಂಟೆಗೆ ಎಷ್ಟು ಘನ ಮೀಟರ್ ಎಂದು ಬರೆದಿರುತ್ತದೆ. ಲೆಕ್ಕಕ್ಕೆ ಬಂದದ್ದರ ಎರಡು ಪಟ್ಟು ಇರುವುದನ್ನು ತನ್ನಿ. ಧೂಳು ಹಿಡಿದ ಮೇಲೆ, ಜಾಲರಿ ಹಾಕಿದ ಮೇಲೆ ಅದು ಬರೆದಷ್ಟು ಎಳೆಯುವುದಿಲ್ಲ. ಫ್ಯಾನ್ ಇರುವ ಗೋಡೆಗೆ ಎದುರು ಬದಿಯಲ್ಲಿ ಗಾಳಿ ಒಳಗೆ ಬರಲು ದಾರಿ ಇರಬೇಕು. ಬಾಗಿಲು ಮುಚ್ಚಿ ಎಕ್ಸಾಸ್ಟ್ ಹಾಕಿದರೆ ಅದು ಸುಮ್ನೆ ತಿರುಗುತ್ತದೆ ಅಷ್ಟೇ.

ಗಂಟೆಗೆ ಆರು ಸಲ ಗಾಳಿ ಬದಲಾಗುವ ಕೋಣೆಯಲ್ಲಿ ತೇಲುವ ಕಣಗಳಲ್ಲಿ ಶೇ. 99ರಷ್ಟು ಹೋಗಲು 46 ನಿಮಿಷ ಬೇಕು. ಹನ್ನೆರಡು ಸಲ ಆದರೆ 23 ನಿಮಿಷ. ಎರಡೇ ಸಲ ಆದರೆ 138 ನಿಮಿಷ! ಮೊದಲ ಪಂಕ್ತಿಯವರು ಎದ್ದು ಹೋದ ಕೂಡಲೇ ಎರಡನೇ ಪಂಕ್ತಿ ಕೂರುತ್ತದೆ. ಹಿಂದಿನವರ ಎಲೆಯನ್ನು ಎತ್ತುತ್ತೇವೆ, ಅವರ ಉಸಿರನ್ನು ಎತ್ತುವುದಿಲ್ಲ.

ಎಕ್ಸಾಸ್ಟ್‌ಗೆ ದುಡ್ಡಿಲ್ಲ, ಗೋಡೆ ಒಡೆಯಲು ಬಿಡುತ್ತಿಲ್ಲ ಎನ್ನುವವರು ಪೆಡೆಸ್ಟಲ್ ಫ್ಯಾನನ್ನು ಕಿಟಕಿಯ ಹತ್ತಿರ, ಮುಖ ಹೊರಗೆ ಮಾಡಿ ಇಡಿ. ಒಳಗಿನ ಗಾಳಿಯನ್ನು ಅದು ಆಚೆ ದೂಡುತ್ತದೆ. ಸೊಳ್ಳೆ ಕಾರಣಕ್ಕೆ ಕಿಟಕಿ ಮುಚ್ಚುತ್ತಾರೆ ಅಂದರೆ ಅದೂ ನ್ಯಾಯವೇ. ಮಳೆಗಾಲ ಡೆಂಗಿಯ ಕಾಲವೂ ಹೌದು. ಜಾಲರಿ ಹಾಕಿಸಿ, ತಿಂಗಳಿಗೊಮ್ಮೆ ತೊಳೆಸಿ. ಜಾಲರಿಯಲ್ಲಿ ಧೂಳು ಕಟ್ಟಿದರೆ ಅದು ಗೋಡೆಯೇ.

ಎ.ಸಿ. ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಗೋಡೆಗೆ ಹಾಕುವ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿ ತರುವುದಿಲ್ಲ. ಒಳಗಿನದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಡ್ಯೂಟಿ ಡಾಕ್ಟರ್ ರೂಮಿನಲ್ಲಿ ಇಂಟರ್ನ್‌ಗಳು ಸಾಲಾಗಿ ಕೆಮ್ಮುವುದಕ್ಕೆ ಇದೂ ಒಂದು ಕಾರಣ. ಎ.ಸಿ. ಹಾಕಿದರೂ ಕಿಟಕಿಯನ್ನು ನಾಲ್ಕು ಬೆರಳು ತೆರೆದಿಡಿ. ಕರೆಂಟ್ ಬಿಲ್ ಮಾತು ಬಂದರೆ, ಒಂದು ವಾರ ರಜಾ ಹೋಗುವ ಮೂವರ ಬದಲಿ ಡ್ಯೂಟಿಯ ಲೆಕ್ಕ ಮುಂದಿಡಿ.

ಕಾರ್ಬನ್ ಡೈಆಕ್ಸೈಡ್ ಮೀಟರ್ ಒಂದಿದ್ದರೆ ಇನ್ನೂ ಒಳ್ಳೆಯದು, ನಾವು ಬಿಟ್ಟ ಉಸಿರು ಕೋಣೆಯಲ್ಲಿ ಎಷ್ಟು ಉಳಿದಿದೆ ಎಂದು ಅದರಿಂದ ಗೊತ್ತಾಗುತ್ತದೆ. ಹೊರಗೆ ಬಯಲಿನಲ್ಲಿ ಅದು ಸುಮಾರು 420 ಪಿಪಿಎಂ (ಹತ್ತು ಲಕ್ಷ ಪಾಲು ಗಾಳಿಯಲ್ಲಿ ಅಷ್ಟು ಪಾಲು) ತೋರಿಸುತ್ತದೆ. ಕೋಣೆಯಲ್ಲಿ ಜನ ಕೂತು ಅರ್ಧ ಗಂಟೆ ಆದ ಮೇಲೂ 800ರ ಒಳಗಿದ್ದರೆ ಚೆನ್ನಾಗಿದೆ. 1,500 ದಾಟಿದರೆ ನೀವು ಒಬ್ಬರ ಉಸಿರನ್ನು ಒಬ್ಬರು ಕುಡಿಯುತ್ತಿದ್ದೀರಿ. ಕೊಳ್ಳುವಾಗ ಎನ್‌ಡಿಐಆರ್ ಸೆನ್ಸರ್ (ಇನ್‌ಫ್ರಾರೆಡ್ ಬೆಳಕಿನಿಂದ ಅಳೆಯುವಂಥದ್ದು) ಎಂದು ಬರೆದಿರುವುದನ್ನೇ ಕೇಳಿ.

ಇಲ್ಲಿ ಒಂದು ಮಾತು ಹೇಳಲೇಬೇಕು. ಕೆ.ಆರ್.ಎಸ್. ರಸ್ತೆಯಲ್ಲಿ ನಮ್ಮ ಹಳೆಯ ಪಿ.ಕೆ. ಸ್ಯಾನಿಟೋರಿಯಂ ಇದೆಯಲ್ಲ, ನಾಲ್ವಡಿಯವರ ಕಾಲದ್ದು, ಕ್ಷಯ ರೋಗಿಗಳಿಗಾಗಿ ಕಟ್ಟಿಸಿದ್ದು. ಕ್ಷಯಕ್ಕೆ ಔಷಧಿಯೇ ಇಲ್ಲದ ದಿನಗಳಲ್ಲಿ ಸ್ಯಾನಿಟೋರಿಯಂ ಎಂಬ ಯೋಚನೆಯೇ ಗಾಳಿ, ಬಿಸಿಲು, ವಿಶ್ರಾಂತಿಯ ಮೇಲೆ ನಿಂತಿತ್ತು. ಊರಿನ ಹೊರಗೆ, ಬಯಲಿನಲ್ಲಿ ಕಟ್ಟುತ್ತಿದ್ದದ್ದು ಅದಕ್ಕೇ. ಆಮೇಲೆ ಮಾತ್ರೆ ಬಂತು, ಎ.ಸಿ. ಬಂತು, ಕಿಟಕಿಯನ್ನು ನಾವು ಮರೆತೆವು.

ಮೂರನೇ ಹೆಜ್ಜೆ: ಜ್ವರ ಬಂದವರು ಮನೆಯಲ್ಲಿರಲು ಸಾಧ್ಯವಾಗಲಿ

ಇದು ಎಲ್ಲಕ್ಕಿಂತ ಕಷ್ಟದ ಹೆಜ್ಜೆ. ಕಾಯಂ ಸಿಸ್ಟರ್‌ಗೆ ಸಿ.ಎಲ್. ಇದೆ, ಡಾಕ್ಟರ್‌ಗೆ ಇದೆ. ಹೊರಗುತ್ತಿಗೆಯ ಆಯಾ, ವಾರ್ಡ್ ಬಾಯ್, ಹೌಸ್‌ಕೀಪಿಂಗ್‌ನವರಿಗೆ ಎಷ್ಟೋ ಕಡೆ ಬಾರದ ದಿನಕ್ಕೆ ಸಂಬಳವಿಲ್ಲ. ದಿನಕ್ಕೆ ಹೆಚ್ಚು ಹಾಸಿಗೆಗಳ ಹತ್ತಿರ ಹೋಗುವವರೂ ಅವರೇ. “ಜ್ವರ ಇದ್ದರೆ ಬರಬೇಡಿ” ಎಂದು ಗೋಡೆಗೆ ಅಂಟಿಸಿದರೆ ಅವರಿಗೆ ಅದು ದಂಡದ ನೋಟಿಸ್.

ಇನ್‌ಚಾರ್ಜ್ ಮಾಡಬಹುದಾದದ್ದು ಇಷ್ಟು. ಜೂನ್‌ಗೆ ಮೊದಲೇ ಮೇಲಿನವರ ಹತ್ತಿರ ಮಾತಾಡಿ, ಜ್ವರಕ್ಕೆ ಅಂತ ಒಬ್ಬೊಬ್ಬರಿಗೆ ಮೂರು ದಿನ ಸಂಬಳ ಕಡಿಯದ ರಜಾ ಕೇಳಿ. ಗುತ್ತಿಗೆಯವರ ಕರಾರಿನಲ್ಲೇ ಅದನ್ನು ಬರೆಸಿದರೆ ಒಳ್ಳೆಯದು. ಸಿಗದಿದ್ದರೆ ಡ್ಯೂಟಿ ಬದಲಿ ಪಟ್ಟಿಯಾದರೂ ಇರಲಿ: ಈ ವಾರ ನೀನು ಮನೆಯಲ್ಲಿರು, ಮುಂದಿನ ವಾರ ಆ ದಿನ ತುಂಬಿಕೊಡು. ಅದೂ ಆಗದಿದ್ದರೆ ರೋಗಿಗಳಿಂದ ದೂರದ ಕೆಲಸ ಕೊಡಿ, ಒಬ್ಬರೇ ಕೂತು ಮಾಡುವಂಥದ್ದು, ಗಾಳಿಯಾಡುವ ಜಾಗದಲ್ಲಿ, ಮಾಸ್ಕ್ ಹಾಕಿ. ನಾನಿದ್ದ ಕಡೆ ಮೊದಲು ಸಿಕ್ಕಿದ್ದು ಬದಲಿ ಪಟ್ಟಿ ಮಾತ್ರ. ಅಷ್ಟಕ್ಕೇ ಜನ ಬಾಯಿ ಬಿಟ್ಟು ಹೇಳಲು ಶುರು ಮಾಡಿದರು.

ಕೇಳುವ ರೀತಿಯೂ ಮುಖ್ಯ. ಹ್ಯಾಂಡ್‌ಓವರ್‌ಗೆ ಮೊದಲು ಮೂರು ಪ್ರಶ್ನೆ: ಗಂಟಲು ನೋವಿದೆಯಾ, ನಿನ್ನೆಯಿಂದ ಮೈ ಬಿಸಿ ಆಗಿತ್ತಾ, ಮಾತ್ರೆ ತಗೊಂಡಿದ್ದೀರಾ? ಮೂರನೆಯದನ್ನು ಬಿಡಬೇಡಿ. ಪ್ಯಾರಾಸಿಟಮಾಲ್ ನುಂಗಿ ಬಂದವರಿಗೆ ಥರ್ಮಾಮೀಟರ್ ಇಟ್ಟರೆ 98 ತೋರಿಸುತ್ತದೆ. ಜ್ವರ ಅಡಗಿದೆ, ವೈರಸ್ ಅಡಗಿಲ್ಲ.

ವಾಪಸ್ ಯಾವಾಗ? ಮಾತ್ರೆ ಇಲ್ಲದೆ 24 ಗಂಟೆ ಜ್ವರ ಇರಬಾರದು, ಕೆಮ್ಮು ಕಡಿಮೆಯಾಗುತ್ತಿರಬೇಕು. ಬಂದ ಮೇಲೂ ಕಾಯಿಲೆ ಶುರುವಾದ ದಿನದಿಂದ ಲೆಕ್ಕ ಹಾಕಿ 10 ದಿನ ಮಾಸ್ಕ್ ಬಿಚ್ಚದೆ ಕೆಲಸ, ಊಟ ಬೇರೆ ಹೊತ್ತಿಗೆ. ಡಯಾಲಿಸಿಸ್, ಎನ್‌ಐಸಿಯು, ಕ್ಯಾನ್ಸರ್ ವಾರ್ಡ್‌ನವರಾದರೆ ಜ್ವರ ಬೇಗ ಬಿಟ್ಟರೂ 7 ದಿನ ಬೇರೆ ಕಡೆ ಹಾಕಿ.

ನರ್ಸ್‌ಗಳಲ್ಲಿ ಒಂದು ಕೆಟ್ಟ ಹೆಮ್ಮೆ ಇದೆ, ನನಗೂ ಇತ್ತು. “102 ಜ್ವರದಲ್ಲೂ ನೈಟ್ ಮಾಡಿದೆ” ಎಂದು ಹೇಳಿಕೊಳ್ಳುವುದು. ಆ ನೈಟ್‌ನಲ್ಲಿ ಎಷ್ಟು ಜನರಿಗೆ ಹಂಚಿದೆವು ಎಂದು ಯಾರೂ ಎಣಿಸಲಿಲ್ಲ.

ನಾಲ್ಕನೇ ಹೆಜ್ಜೆ: ಮಾಸ್ಕ್, ಎಲ್ಲಿ ಯಾವುದು

ಮಳೆಗಾಲದ ತಿಂಗಳುಗಳಲ್ಲಿ ವಾರ್ಡ್, ಓ.ಪಿ.ಡಿ. ಎಲ್ಲ ಕಡೆ ಕಡಿಮೆ ಅಂದರೂ ಮೂರು ಪದರದ ಸರ್ಜಿಕಲ್ ಮಾಸ್ಕ್. ಅದು ನಿಮ್ಮ ಉಸಿರಿನ ಕಣಗಳನ್ನು ಹೊರಗೆ ಬಿಡುವುದನ್ನು ಕಡಿಮೆ ಮಾಡುತ್ತದೆ. ಆದರೆ ಕೆನ್ನೆ ಪಕ್ಕದ ಸಂದಿಯಿಂದ ಗಾಳಿ ಒಳಗೆ ಬಂದೇ ಬರುತ್ತದೆ. ಜ್ವರ-ಕೆಮ್ಮಿನ ರೋಗಿಯ ಹತ್ತಿರ, ಉಸಿರಾಟದ ಟ್ಯೂಬ್ ಹಾಕುವಾಗ, ಕಫ ಎಳೆಯಲು ಸಕ್ಷನ್ ಮಾಡುವಾಗ, ಬೈಪ್ಯಾಪ್ (ಒತ್ತಡದಿಂದ ಗಾಳಿ ಕೊಡುವ ಉಸಿರಾಟದ ಯಂತ್ರ) ಹಾಕಿರುವ ಕಡೆ, ಸಿ.ಪಿ.ಆರ್. ಕೊಡುವಾಗ ಎನ್95. ಅದರ ಬಟ್ಟೆ 0.3 ಮೈಕ್ರಾನ್ ಕಣಗಳಲ್ಲೂ ಶೇ. 95ಕ್ಕೆ ಕಡಿಮೆ ಇಲ್ಲದಷ್ಟನ್ನು ಹಿಡಿಯುತ್ತದೆ. ಮುಖಕ್ಕೆ ಕೂತಿಲ್ಲದಿದ್ದರೆ ಆ 95ಕ್ಕೆ ಅರ್ಥವಿಲ್ಲ.

ಹಾಕುವ ಕ್ರಮ: ಮೇಲಿನ ಪಟ್ಟಿ ನೆತ್ತಿಯ ಹಿಂದೆ, ಕೆಳಗಿನದು ಕಿವಿಯ ಕೆಳಗೆ ಕತ್ತಿನ ಹತ್ತಿರ. ತುರುಬು ಕಟ್ಟಿದವರು ಎರಡೂ ಪಟ್ಟಿಯನ್ನು ತುರುಬಿನ ಮೇಲೆ ಒಟ್ಟಿಗೆ ಸಿಕ್ಕಿಸಿಕೊಳ್ಳುತ್ತಾರೆ, ಕೆಳಗೆ ಗದ್ದದ ಹತ್ತಿರ ಸಂದಿ ತೆರೆದುಕೊಳ್ಳುತ್ತದೆ. ಮೂಗಿನ ಲೋಹದ ಪಟ್ಟಿಯನ್ನು ಎರಡೂ ಕೈ ಬೆರಳಿನಿಂದ ಒತ್ತಿ. ಒಂದೇ ಕೈಯಿಂದ ಚಿವುಟಿದರೆ ನಡುವೆ ಏಣು ಬರುತ್ತದೆ. ಆಮೇಲೆ ಎರಡು ಅಂಗೈ ಮುಚ್ಚಿ ಜೋರಾಗಿ ಉಸಿರು ಬಿಡಿ. ಕಣ್ಣಿಗೆ ಗಾಳಿ ತಗಲಿದರೆ, ಕನ್ನಡಕ ಮಂಜಾದರೆ ಮತ್ತೆ ಸರಿ ಮಾಡಿ. ಗಡ್ಡ ಬಿಟ್ಟ ಹುಡುಗರಿಗೆ ಒಂದು ಮಾತು: ಗಡ್ಡದ ಮೇಲೆ ಎನ್95 ಕೂರುವುದಿಲ್ಲ, ಎಷ್ಟು ಟ್ರಿಮ್ ಮಾಡಿದರೂ.

ವಾಲ್ವ್ ಇರುವುದು ಬೇಡ. ನಿಮ್ಮ ಉಸಿರನ್ನು ಸೋಸದೆ ಹೊರಗೆ ಬಿಡುತ್ತದೆ. ಮತ್ತೆ ಬಳಸಲೇಬೇಕಾದರೆ ಹೆಸರು ಬರೆದ ಕಾಗದದ ಕವರ್‌ನಲ್ಲಿ ಇಡಿ, ಪ್ಲಾಸ್ಟಿಕ್‌ನಲ್ಲಿ ಬೇಡ. ಐದು ಸಲಕ್ಕಿಂತ ಜಾಸ್ತಿ ಬೇಡ. ಪಟ್ಟಿ ಸಡಿಲವಾದರೆ ಅವತ್ತೇ ಬಿಸಾಡಿ.

ಐದನೇ ಹೆಜ್ಜೆ: ಕೈ ಮತ್ತು ಎಲ್ಲರೂ ಮುಟ್ಟುವ ವಸ್ತು

ಇದು ನಿಮಗೆಲ್ಲ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಸ್ಯಾನಿಟೈಸರ್ 20ರಿಂದ 30 ಸೆಕೆಂಡ್, ಸೋಪು ನೀರಾದರೆ 40ರಿಂದ 60. ಅಡಿನೋವೈರಸ್‌ನಂಥವು ಸ್ಯಾನಿಟೈಸರ್‌ಗೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ಕಣ್ಣು ಕೆಂಪಾಗಿ ಜ್ವರ ಬಂದ ರೋಗಿಯನ್ನು ಮುಟ್ಟಿದ ಮೇಲೆ ಸೋಪೇ ಒಳ್ಳೆಯದು.

ಫ್ಲೂ ವೈರಸ್ ಸ್ಟೀಲ್, ಪ್ಲಾಸ್ಟಿಕ್ ಮೇಲೆ 24ರಿಂದ 48 ಗಂಟೆ ಉಳಿಯಬಹುದು, ಬಟ್ಟೆಯ ಮೇಲೆ ಅದಕ್ಕಿಂತ ಕಡಿಮೆ. ಹಾಸಿಗೆ ಕಂಬಿ ಒರೆಸುತ್ತಾರೆ. ಒರೆಸದೆ ಬಿಡುವುದು ಇವು: ಬಿ.ಪಿ. ಪಟ್ಟಿ, ಬೆರಳಿಗೆ ಹಾಕುವ ಆಕ್ಸಿಮೀಟರ್, ಕೇಸ್ ಶೀಟ್‌ಗೆ ದಾರ ಕಟ್ಟಿದ ಪೆನ್, ಲ್ಯಾಂಡ್‌ಲೈನ್, ಬಯೋಮೆಟ್ರಿಕ್ ಹಾಜರಿ ಯಂತ್ರ. ಎಲ್ಲ ಶಿಫ್ಟ್‌ನವರೂ ಬೆರಳಿಡುವ ಆ ಯಂತ್ರದ ಪಕ್ಕದಲ್ಲೇ ಸ್ಯಾನಿಟೈಸರ್ ನೇತುಹಾಕಿ. ಒರೆಸಲು ಶೇ. 5ರ ಹೈಪೋ (ಸೋಡಿಯಂ ಹೈಪೋಕ್ಲೋರೈಟ್, ಬ್ಲೀಚ್ ದ್ರವ) ಇದ್ದರೆ, ಒಂದು ಪಾಲಿಗೆ ನಾಲ್ಕು ಪಾಲು ನೀರು ಹಾಕಿದರೆ ಶೇ. 1 ಆಗುತ್ತದೆ, 49 ಪಾಲು ಹಾಕಿದರೆ ಶೇ. 0.1. ದಿನಾ ಹೊಸದಾಗಿ ಕಲಸಿ, ಆಸಿಡ್ ಜೊತೆ ಬೆರೆಸಬೇಡಿ. ವಿಷದ ಗಾಳಿ ಬರುತ್ತದೆ.

ಆರನೇ ಹೆಜ್ಜೆ: ಬಾಗಿಲಲ್ಲೇ ಬೇರೆ ಮಾಡಿ

ಓ.ಪಿ.ಡಿ. ಚೀಟಿ ಬರೆಯುವ ಕಡೆಯಲ್ಲೇ “ಜ್ವರ, ಕೆಮ್ಮು ಇದೆಯಾ?” ಎಂದು ಕೇಳಿ ಮಾಸ್ಕ್ ಕೈಗೆ ಕೊಡಬೇಕು. ಅವರನ್ನು ಕೂರಿಸಲು ವರಾಂಡವೋ ಶಾಮಿಯಾನವೋ, ಒಟ್ಟಿನಲ್ಲಿ ತೆರೆದ ಜಾಗ. ಚೀಟಿ ಬರೆಯುವ ಹುಡುಗಿಯ ಬೆನ್ನ ಹಿಂದಿನಿಂದ ಗಾಳಿ ಬಂದು ರೋಗಿಯ ಕಡೆ ಹೋಗುವಂತೆ ಫ್ಯಾನ್ ಇಡಿ. ಬಹಳ ಕಡೆ ಉಲ್ಟಾ ಇರುತ್ತದೆ.

ಕ್ಯಾಶುವಾಲ್ಟಿಯಲ್ಲಿ ನೆಬ್ಯುಲೈಸರ್ ಹಾಕುವುದನ್ನು ಕಿಟಕಿ ಪಕ್ಕಕ್ಕೆ ಸರಿಸಿ. ಕೆಮ್ಮುವ ರೋಗಿಗಳನ್ನು ಒಂದೇ ಕಡೆ ಹಾಕಿ, ಅವರಿಗೆ ಒಂದು ಶಿಫ್ಟ್‌ಗೆ ಒಬ್ಬರೇ ಸಿಸ್ಟರ್. ಬಸುರಿ ಸಿಬ್ಬಂದಿಯನ್ನು ಅಲ್ಲಿಗೆ ಹಾಕಬೇಡಿ, ಅವರಿಗೆ ಫ್ಲೂ ಜೋರಾಗುವ ಅಪಾಯ ಜಾಸ್ತಿ. ಇನ್ನು ಅಟೆಂಡರ್‌ಗಳು. ಒಬ್ಬ ರೋಗಿಗೆ ಒಬ್ಬರು ಎನ್ನುವುದು ಬೋರ್ಡ್‌ನಲ್ಲಿರುತ್ತದೆ, ಮಂಚದ ಸುತ್ತ ಐದು ಜನ ಇರುತ್ತಾರೆ. ಜಗಳ ಮಾಡಿ ಉಪಯೋಗವಿಲ್ಲ. “ನಿಮ್ಮಜ್ಜಿಗೆ ಇನ್ನೊಂದು ಕಾಯಿಲೆ ತಗಲಬಾರದು ಅಲ್ವಾಣ್ಣ, ಒಬ್ಬೊಬ್ಬರೇ ಬಂದು ನೋಡಿ ಹೋಗಿ” ಎಂದರೆ ಅರ್ಧ ಜನ ಕೇಳುತ್ತಾರೆ.

ಏಳನೇ ಹೆಜ್ಜೆ: ಲಸಿಕೆ, ಮಳೆಗೆ ಮೊದಲು

ಫ್ಲೂ ಲಸಿಕೆ ವರ್ಷಕ್ಕೊಮ್ಮೆ. ಕೆಲಸ ಶುರು ಮಾಡಲು ಸುಮಾರು ಎರಡು ವಾರ ಬೇಕು. ನಮ್ಮ ಊರಿನ ಲೆಕ್ಕಕ್ಕೆ ಏಪ್ರಿಲ್-ಮೇ ಸರಿಯಾದ ಸಮಯ. ಅಮೆರಿಕದವರ ವಿಡಿಯೋ ನೋಡಿ ಅಕ್ಟೋಬರ್‌ವರೆಗೆ ಕಾಯುವವರಿದ್ದಾರೆ. ಅಷ್ಟರಲ್ಲಿ ನಮ್ಮಲ್ಲಿ ದೊಡ್ಡ ಅಲೆ ಮುಗಿದು ದಸರಾ ಬಂದಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ವರ್ಷಕ್ಕೆ ಎರಡು ಸಲ, ಫೆಬ್ರವರಿ ಮತ್ತು ಸೆಪ್ಟೆಂಬರ್‌ನಲ್ಲಿ, ಯಾವ ತಳಿ ಸೇರಿಸಬೇಕು ಎಂದು ಹೇಳುತ್ತದೆ. ಸಿಗುವುದರಲ್ಲಿ ಹೊಸದನ್ನು ಕೇಳಿ.

“ಚುಚ್ಚಿಸಿಕೊಂಡ ಮೇಲೇ ನನಗೆ ಫ್ಲೂ ಬಂತು” ಎನ್ನುವವರು ಪ್ರತಿ ವಾರ್ಡ್‌ನಲ್ಲೂ ಒಬ್ಬರಿರುತ್ತಾರೆ. ಚುಚ್ಚುಮದ್ದಿನಲ್ಲಿ ಜೀವಂತ ವೈರಸ್ ಇಲ್ಲ, ಅದರಿಂದ ಫ್ಲೂ ಬರುವುದಿಲ್ಲ. ಒಂದೆರಡು ದಿನ ತೋಳು ನೋವು, ಮೈ ಬೆಚ್ಚಗೆ ಆಗಬಹುದು. ಪೂರ್ತಿ ತಡೆಯುತ್ತದೆ ಎಂದು ನಾನೂ ಹೇಳುವುದಿಲ್ಲ. ತಳಿ ಹೊಂದಿದ ವರ್ಷವೂ ರಕ್ಷಣೆ ಶೇ. 40ರಿಂದ 60ರಷ್ಟು. ಹಾಗಾಗಿಯೇ ಇದು ಏಳನೇ ಹೆಜ್ಜೆ, ಮೊದಲನೆಯದಲ್ಲ. ಆದರೆ ಬಿಡುವ ಹೆಜ್ಜೆಯೂ ಅಲ್ಲ. ಆಯಾ, ಸೆಕ್ಯೂರಿಟಿ, ಆಂಬ್ಯುಲೆನ್ಸ್ ಚಾಲಕರು ಪಟ್ಟಿಯಲ್ಲಿ ಇದ್ದಾರಾ ನೋಡಿ. ಲಸಿಕೆಯನ್ನು ನೈಟ್ ಶಿಫ್ಟ್‌ನವರ ಹತ್ತಿರ ತೆಗೆದುಕೊಂಡು ಹೋಗಿ. ನಿದ್ದೆಗೆಟ್ಟವರು ಬೆಳಗ್ಗೆ ಹತ್ತಕ್ಕೆ ಸಾಲಿನಲ್ಲಿ ನಿಲ್ಲುವುದಿಲ್ಲ.

ಎಂಟನೇ ಹೆಜ್ಜೆ: ಇಬ್ಬರು ಬಿದ್ದ ದಿನ

ಒಂದೇ ವಾರ್ಡ್‌ನ ಇಬ್ಬರು ಸಿಬ್ಬಂದಿ ಮೂರು ದಿನದೊಳಗೆ ಜ್ವರ-ಕೆಮ್ಮು ಎಂದರೆ ಅದನ್ನು “ಹವಾಮಾನ” ಎಂದು ಬಿಡಬೇಡಿ. ಮೂರನೆಯವರಿಗೆ ಕಾಯಬೇಡಿ.

ಅವತ್ತೇ ಒಂದು ಪುಟದಲ್ಲಿ ಬರೆಯಿರಿ: ಹೆಸರು, ಕೆಲಸ, ಲಕ್ಷಣ ಶುರುವಾದ ದಿನ, ಹಿಂದಿನ ನಾಲ್ಕು ದಿನದ ಶಿಫ್ಟ್, ಯಾರ ಜೊತೆ ಊಟ, ಮನೆಯಲ್ಲಿ ಯಾರಿಗಾದರೂ ಇದೆಯಾ. ಕೊನೆಯದು ಮುಖ್ಯ. ಶಾಲೆಯಿಂದ ಮಗು ತಂದ ನೆಗಡಿ ತಾಯಿಯ ಮೂಲಕ ವಾರ್ಡ್‌ಗೆ ಬರುವುದು ತೀರಾ ಸಾಮಾನ್ಯ. ಗಂಟಲು-ಮೂಗಿನ ಸ್ವಾಬ್ ಆದಷ್ಟು ಬೇಗ ಕಳಿಸಿ, ಮೊದಲ ಮೂರು ದಿನದಲ್ಲಿ ವೈರಸ್ ಚೆನ್ನಾಗಿ ಸಿಗುತ್ತದೆ. ರ್‍ಯಾಪಿಡ್ ನೆಗೆಟಿವ್ ಬಂದರೂ ಲಕ್ಷಣ ಇದ್ದರೆ ಆರ್‌ಟಿ-ಪಿಸಿಆರ್ ಮಾಡಿಸಿ.

ಅದರ ಜೊತೆಗೇ, ಒಂದು ವಾರ ಆ ವಾರ್ಡ್‌ನಲ್ಲಿ ಎಲ್ಲರಿಗೂ ಪೂರ್ತಿ ಶಿಫ್ಟ್ ಮಾಸ್ಕ್. ಊಟ ಮೂರು ಮೂರು ಜನ. ಹ್ಯಾಂಡ್‌ಓವರ್ ವರಾಂಡದಲ್ಲಿ. ಅಲ್ಲಿಯ ಸಿಬ್ಬಂದಿಯನ್ನು ಬೇರೆ ವಾರ್ಡ್‌ಗೆ ಬದಲಿ ಕಳಿಸಬೇಡಿ. ಜನ ಕಡಿಮೆ ಬಿದ್ದಾಗ ನಾವು ಮೊದಲು ಮಾಡುವ ತಪ್ಪು ಇದೇ. ಒಂದು ವಾರ್ಡ್‌ನ ಬೆಂಕಿಯನ್ನು ಇನ್ನೊಂದಕ್ಕೆ ಹೊತ್ತುಕೊಂಡು ಹೋಗುತ್ತೇವೆ. ಹೊಸ ಕೇಸ್ ಇಲ್ಲದೆ ಒಂದು ವಾರ ಕಳೆದ ಮೇಲೆ ಸಡಿಲ ಮಾಡಿ.

ಬಿದ್ದವರನ್ನು ದಿನಕ್ಕೊಮ್ಮೆ ಫೋನ್ ಮಾಡಿ ವಿಚಾರಿಸಿ. ಉಸಿರು ಕಟ್ಟುವುದು, ಎದೆ ನೋವು, ಆಕ್ಸಿಜನ್ 94ಕ್ಕಿಂತ ಕೆಳಗೆ, ಮಂಪರು, ಇಳಿದ ಜ್ವರ ಮತ್ತೆ ಏರುವುದು – ಇವುಗಳಲ್ಲಿ ಯಾವುದಾದರೂ ಇದ್ದರೆ ತಕ್ಷಣ ಕರೆಸಿ. ಬಸುರಿಯರು, ಆಸ್ತಮಾ, ಸಕ್ಕರೆ ಕಾಯಿಲೆ ಇರುವವರು ಫ್ಲೂ ಅನುಮಾನ ಬಂದ ಮೊದಲ 48 ಗಂಟೆಯಲ್ಲೇ ಡಾಕ್ಟರ್‌ಗೆ ತೋರಿಸಲಿ. ಫ್ಲೂ ವೈರಸ್‌ನ ಔಷಧಿ ಒಸೆಲ್ಟಾಮಿವಿರ್ ಬೇಗ ಶುರು ಮಾಡಿದರೆ ಹೆಚ್ಚು ಉಪಯೋಗ, ಆದರೆ ಅದನ್ನು ಬರೆಯಬೇಕಾದವರು ಡಾಕ್ಟರ್. ಸ್ಟೋರ್‌ನಿಂದ ಅಜಿತ್ರೋಮೈಸಿನ್ ಎಂಬ ಆ್ಯಂಟಿಬಯೋಟಿಕ್ ತೆಗೆದು ನುಂಗುವ ಅಭ್ಯಾಸ ಆಸ್ಪತ್ರೆಯವರಲ್ಲೇ ಜಾಸ್ತಿ. ಅದು ವೈರಸ್‌ಗೆ ಏನೂ ಮಾಡುವುದಿಲ್ಲ. ಅದಕ್ಕಿಂತ ಶುಂಠಿ-ಮೆಣಸಿನ ಕಷಾಯ ವಾಸಿ. ಅದೂ ವೈರಸ್‌ಗೆ ಏನೂ ಮಾಡುವುದಿಲ್ಲ, ಗಂಟಲಿಗಾದರೂ ಹಿತ.

ಒಂಬತ್ತನೇ ಹೆಜ್ಜೆ: ಮನೆ ಮತ್ತು ದಾರಿ

ಡ್ಯೂಟಿ ಬಟ್ಟೆ ಆಸ್ಪತ್ರೆಯಲ್ಲೇ ಬದಲಿಸಿ, ಬೇರೆ ಚೀಲದಲ್ಲಿ ತನ್ನಿ, ಮಾಮೂಲಿ ಸೋಪಿನ ಪುಡಿಯಲ್ಲಿ ಒಗೆದು ಬಿಸಿಲಿಗೆ ಹಾಕಿ. ಕುದಿಸುವುದೇನೂ ಬೇಡ. ಫೋನ್ ಒರೆಸಿ. ಕೆಮ್ಮು ಶುರುವಾಗಿದ್ದರೆ ಅತ್ತೆ-ಮಾವ, ಹಸುಗೂಸು ಇರುವ ಕೋಣೆಯಲ್ಲಿ ಮಲಗಬೇಡಿ. ಒಂದೇ ಕೋಣೆಯ ಮನೆಯಾದರೆ ಮಾಸ್ಕ್ ಹಾಕಿ, ಕಿಟಕಿಯ ಕಡೆ ನೀವು ಮಲಗಿ, ತಲೆ-ಕಾಲು ತಿರುಗಿಸಿ.

ಮಂಡ್ಯ, ಶ್ರೀರಂಗಪಟ್ಟಣ, ಪಾಂಡವಪುರ, ನಂಜನಗೂಡಿನಿಂದ ದಿನಾ ಬಂದು ಹೋಗುವ ಸಿಸ್ಟರ್‌ಗಳು ಎಷ್ಟೋ ಜನ. ಬೆಳಗಿನ ಬಸ್ಸಿನಲ್ಲಿ ಮುಕ್ಕಾಲು ಗಂಟೆ, ಗಾಜು ಹಾಕಿ, ನಿಲ್ಲಲೂ ಜಾಗವಿಲ್ಲದಂತೆ. ಆಸ್ಪತ್ರೆಯಲ್ಲಿ ಎಲ್ಲ ಸರಿ ಮಾಡಿದರೂ ಅಲ್ಲಿ ಸಿಗಬಹುದು. ಮಾಸ್ಕನ್ನು ಬಸ್‌ಸ್ಟ್ಯಾಂಡ್‌ನಲ್ಲೇ ಹಾಕಿಕೊಳ್ಳಿ, ಆಸ್ಪತ್ರೆ ಗೇಟಿನಲ್ಲಲ್ಲ. ಕಿಟಕಿ ಸೀಟು ಸಿಕ್ಕರೆ ಗಾಜನ್ನು ನಾಲ್ಕು ಬೆರಳು ಸರಿಸಿ. ಹಿಂದಿನ ಸೀಟಿನವರು “ಥಂಡಿ ಹೊಡೀತದೆ, ಮುಚ್ಚಮ್ಮ” ಅಂದೇ ಅಂತಾರೆ. ಸಾಮಾನ್ಯವಾಗಿ ಎರಡು ಬೆರಳಿಗೆ ರಾಜಿ ಆಗುತ್ತದೆ.